ಒಂಚೂರು ನೀರು

ಒತ್ತಕ್ಕನ ಕುಂಡಗಳಿಗೆ ನೀರು ಹಾಕುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಆ ಒಂದು ಸಮಾಧಾನ ಹಿಡಿದುಕೊಂಡೇ ಎರಡು ತಿಂಗಳು ದೂಡಿದ್ದೆ.

ಒತ್ತಕ್ಕ ನಮ್ಮ ಪಠ್ಯಪುಸ್ತಕ ಕಚೇರಿಯಲ್ಲಿ ಕರಡು ತಿದ್ದುವವರು. ಯಾರ ಕಣ್ಣಿಗೂ ಬೀಳದ ಒತ್ತಕ್ಷರದ ತಪ್ಪುಗಳನ್ನು ಹೆಕ್ಕಿ ತೆಗೆಯುತ್ತಿದ್ದುದರಿಂದ ಆ ಹೆಸರು. ಪುಟ ಮುಗಿದಾಗಲೆಲ್ಲ ತಲೆಯೆತ್ತಿ, ಕಿಟಕಿಯಲ್ಲಿಟ್ಟ ತಮ್ಮ ಗಿಡಗಳನ್ನೂ ಅದರಾಚೆಯ ಬಯಲನ್ನೂ ಒಂದು ಗಳಿಗೆ ನೋಡಿ, ಮತ್ತೆ ಕೆಲಸಕ್ಕೆ ಇಳಿಯುವರು. ಸಂಪಾದಕನಾದ ನನಗೆ ಅದು ಕಾಲಹರಣವಾಗಿ ಕಂಡಿತು. ಕುಂಡಗಳನ್ನು ಮೂಲೆಗೆ ತಳ್ಳಿ, ಕಿಟಕಿಗೆ ಅಡ್ಡವಾಗಿ ಪುಸ್ತಕದ ಕಟ್ಟುಗಳನ್ನು ಪೇರಿಸಿಬಿಟ್ಟೆ. ದೊಡ್ಡ ಜಾಣ ನಾನು! ಬರಬರುತ್ತಾ ಅವರ ಕಣ್ಣಿಗೆ ಅಕ್ಷರ ನಿಲ್ಲದಾಯಿತು. ಒಂದು ದಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತ ಅಳತೊಡಗಿದರು.

ಅವರು ರಜೆಯ ಮೇಲೆ ಹೋದ ಮರುದಿನವೇ ಕಟ್ಟುಗಳನ್ನು ಸರಿಸಿ, ಕುಂಡಗಳನ್ನು ಕಿಟಕಿಗೆ ಏರಿಸಿದೆ. ದಿನಾ ಎಲ್ಲರಿಗಿಂತ ಮೊದಲು ಬಂದು, ಕಳ್ಳನ ಹಾಗೆ ನೀರು ಹಾಕುತ್ತಿದ್ದೆ. ಮೊನ್ನೆ ಅವರ ಮಗಳು ಫೋನ್ ಮಾಡಿದ್ದಳು. "ಹಸಿರು ಕಾಣೋ ಜಾಗದಲ್ಲಿ ಕೂರಿಸಿ, ಕೆಲಸ ಕಮ್ಮಿ ಕೊಡಿ ಅಂದಿದ್ದಾರೆ ಡಾಕ್ಟ್ರು. ಇನ್ನೊಂದ್ಸಲ ಹೀಗಾದ್ರೆ ಅಮ್ಮ ಚೇತರಿಸ್ಕೊಳ್ಳೋದು ಕಷ್ಟ ಸರ್."

ಇವತ್ತು ಒತ್ತಕ್ಕ ಬಂದವರೇ ನೇರವಾಗಿ ಕಿಟಕಿಯ ಬಳಿ ಹೋದರು. ಎಲೆಗಳೆಲ್ಲ ಹಳದಿ. ಒಂದು ಗಿಡವನ್ನು ಎತ್ತಿದರೆ ಬುಡಸಮೇತ ಕೈಗೆ ಬಂತು. ಬೇರು ಕೊಳೆತು ನಾರುತ್ತಿತ್ತು.

"ಯಾರು ನೀರು ಹಾಕ್ತಿದ್ರಿ?"

"ನಾನಕ್ಕ, ಒಂಚೂರೇ," ಎಂದಳು ಚಿತ್ರ ಬರೆಯುವ ಹುಡುಗಿ.

"ಊಟ ಆದ್ಮೇಲೆ ನಾನೂ ಒಂಚೂರು..." ಎಂದು ಅಕೌಂಟೆಂಟ್ ತಲೆ ಕೆರೆದುಕೊಂಡ.

"ನೀನೂನಾ?" ಎಂದು ರೇಗಿದೆ. ನಾನೂ ಬಾಯಿಬಿಡಲೇಬೇಕಾಯಿತು.

ಒತ್ತಕ್ಕ ನಕ್ಕರು. "ಹಾಗಾದ್ರೆ ಯಾರೂ ಜಾಸ್ತಿ ಹಾಕಿಲ್ಲ ಬಿಡಿ."

ಆ ಮಾತಿಗೆ ನನಗೆ ಥಟ್ಟನೆ ನೆನಪಾಯಿತು. ಬೆಳಿಗ್ಗೆ ಅವರ ಮೇಜಿನ ಮೇಲೆ ಒಂದು ಪಾಠದ ಕರಡು ಇಟ್ಟಿದ್ದೆ. ಚಿಕ್ಕದು, ಸುಮ್ಮನೆ ಕಣ್ಣಾಡಿಸಲಿ ಎಂದು. ಯಾರಿಗೂ ಕಾಣದಂತೆ ತೆಗೆಯಲು ಹೋದರೆ ಅದರಡಿ ಹುಡುಗಿಯ ಚಿತ್ರಗಳ ಅಡಿಬರಹ. ಅದರಡಿ ಅಕೌಂಟೆಂಟನ ಬೆಲೆಪಟ್ಟಿ. ಮೂವರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಟ್ಟಿದ್ದೆವು. ನಾಚಿಕೆಯಿಂದ ಭೂಮಿಗೆ ಇಳಿದುಹೋದೆ. ಎಲ್ಲವನ್ನೂ ಬಾಚಿಕೊಂಡು ತಿರುಗಿದರೆ ಒತ್ತಕ್ಕ ಎದುರಿಗೇ ನಿಂತಿದ್ದರು.

"ಕೊಡಿ ಸರ್, ಮಧ್ಯಾಹ್ನದೊಳಗೆ ಮುಗಿಸ್ತೀನಿ." ಕೈ ಚಾಚಿದರು.

"ಬೇಡ ಅಕ್ಕ."

ಅವರ ಮುಖ ಬಿಳಿಚಿಕೊಂಡಿತು. "ಯಾಕ್ ಸರ್? ನನ್ನನ್ನ ಕೆಲಸದಿಂದ ತೆಗೆದುಬಿಟ್ರಾ?"

ಈ ಹೆದರಿಕೆಯನ್ನು ಇಷ್ಟು ವರ್ಷ ಅವರಿಗೆ ಕಲಿಸಿದವನು ನಾನೇ. ಕುರ್ಚಿಯನ್ನು ಬಯಲಿನ ಕಡೆ ತಿರುಗಿಸಿ, "ಕೂತ್ಕೊಳ್ಳಿ ಅಕ್ಕ. ಇವತ್ತು ಹೊರಗೆ ನೋಡೋದೇ ನಿಮ್ಮ ಕೆಲಸ," ಎಂದೆ.

ಹೇಳಿದ ಮಾತು ಮೀರದೆ ಕೂತರು. ಕತ್ತು ಮಾತ್ರ ತಿರುಗಿ, ಕಣ್ಣು ನನ್ನ ಕೈಯಲ್ಲಿದ್ದ ಕಾಗದಗಳ ಮೇಲೇ ಇತ್ತು.