ಎರಡರ ವರ್ಗಮೂಲ

ಅಕ್ಕ ತೀರಿಕೊಂಡ ಮೇಲೆ ಅವಳು ಬರೆಯುತ್ತಿದ್ದ ಗಣಿತದ ತಂತ್ರಾಂಶ ತಂಗಿಯ ಪಾಲಿಗೆ ಬಂತು. ಇಬ್ಬರೂ ಒಂದೇ ಕಚೇರಿಯಲ್ಲಿ, ಬೆನ್ನಿಗೆ ಬೆನ್ನು ಹಾಕಿ ಕೂತು ಕೆಲಸ ಮಾಡಿದವರು.

ಆ ತಂತ್ರಾಂಶವನ್ನು ನಾಲ್ಕರ ವರ್ಗಮೂಲ ಕೇಳಿದರೆ ಎರಡು ಎನ್ನುತ್ತಿತ್ತು. ಎರಡರ ವರ್ಗಮೂಲ ಕೇಳಿದರೆ ಮಾತ್ರ ‘ಎರಡರ ವರ್ಗಮೂಲ’ ಎಂದು ಪ್ರಶ್ನೆಯನ್ನೇ ಮರಳಿಸುತ್ತಿತ್ತು.

“ಕೇಳಿದ್ದನ್ನೇ ತಿರುಗಿ ಹೇಳೋಕೆ ಗಿಳಿ ಸಾಕಲ್ವೇನಮ್ಮಾ?” ಎಂದರು ವಯಸ್ಸಾದ ಮೇಲಧಿಕಾರಿ. ಆಮೇಲೆ ದನಿ ತಗ್ಗಿಸಿ, “ಪಾಪ, ಹುಷಾರಿಲ್ಲದಾಗ ಬರೆದದ್ದು, ಅರ್ಧಕ್ಕೇ ನಿಂತಿದೆ. ನೀನು ಮುಗಿಸಿಬಿಡು” ಎಂದರು.

ತಂಗಿಗೂ ಹಾಗೇ ಅನಿಸಿತ್ತು. ಕೊನೆಯ ತಿಂಗಳುಗಳಲ್ಲಿ ಅಕ್ಕನ ಬೆರಳು ಕೀಲಿಮಣೆಯ ಮೇಲೆ ನಡುಗುತ್ತಿದ್ದುದನ್ನು ಅವಳು ಕಂಡಿದ್ದಳು. ಮನಸ್ಸು ಗಟ್ಟಿಮಾಡಿಕೊಂಡು, ಉತ್ತರ ದಶಮಾಂಶದಲ್ಲಿ ಬರುವಂತೆ ತಿದ್ದಿದಳು. ಸರಿಯಿದೆಯೇ ಎಂದು ನೋಡಲು ಆ ಉತ್ತರವನ್ನು ಅದರಿಂದಲೇ ಗುಣಿಸಿ ಎರಡನ್ನು ಕಳೆದಳು. ಸೊನ್ನೆ ಬರಬೇಕಿತ್ತು, ಕೂದಲೆಳೆಯಷ್ಟು ಏನೋ ಉಳಿಯಿತು. ದಶಮಾಂಶವನ್ನು ಎಷ್ಟು ಉದ್ದ ಬೆಳೆಸಿದರೂ ಆ ಚೂರು ಸಣ್ಣದಾಯಿತೇ ಹೊರತು ಹೋಗಲಿಲ್ಲ. ಅಕ್ಕ ಬರೆದದ್ದನ್ನೇ ಮತ್ತೆ ಹಾಕಿ ಅದೇ ಲೆಕ್ಕ ಮಾಡಿದಾಗ ಸೊನ್ನೆ ಬಂತು.

ಇಷ್ಟು ದಿನ ಆ ಕೆಲಸದ ಮೇಲೆ ಮರುಕಪಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಎದ್ದು ಮೇಲಧಿಕಾರಿಯ ಕೋಣೆಗೆ ಹೋದಳು.

“ಸರ್, ಅದು ಅರ್ಧಕ್ಕೆ ನಿಂತಿಲ್ಲ. ಎರಡರ ವರ್ಗಮೂಲವನ್ನ ದಶಮಾಂಶದಲ್ಲಿ ಬರೆದು ಮುಗಿಸೋಕಾಗಲ್ಲ, ಹಾಗೇ ಇಟ್ಟರೇ ನಿಜವಾದ ಉತ್ತರ. ದಶಮಾಂಶ ಬೇಕು ಅಂದವರಿಗೆ ಬೇರೆಯಾಗಿ ಕೊಡೋಣ. ಅಕ್ಕ ಬರೆದದ್ದು ಹಾಗೇ ಇರಲಿ.”

“ಹಾಗಾದ್ರೆ ಅವಳು ಮುಗಿಸಿಯೇ ಹೋದಳು ಅನ್ನು” ಎಂದರು ಅವರು.

ತಂಗಿ ಹೌದೆಂದು ತಲೆಯಾಡಿಸಿದಳು. ಮಣ್ಣು ಮಾಡಿದ ದಿನವೂ ಬಾರದಿದ್ದ ಅಳು ಅವರೆದುರಿಗೇ ಬಂತು.