ಎರಡು ಸೀಟಿಗೆ ಒಂದು ತುತ್ತು

ಹನ್ನೆರಡು ಗಂಟೆಗೆ ಸರಿಯಾಗಿ ಶಿಶುವಿಹಾರದ ಊಟದ ಕೋಣೆಯ ಬಾಗಿಲು ಮುಚ್ಚಿತು. ಮಕ್ಕಳು ಒಳಗೆ, ಮನೆಯವರು ಹೊರಗೆ, ನಡುವೆ ಒಂದು ಗಾಜಿನ ಕಿಟಕಿ. ಅದಕ್ಕೆ ಮೂಗು ಒತ್ತಿಕೊಂಡು ನಿಂತ ತಾತನಿಗೆ ಜೇಬಿನೊಳಗಿನ ಸೀಟಿ ಕೆಂಡದ ಹಾಗೆ ಸುಡುತ್ತಿತ್ತು.

ಒಳಗೆ ಸಣ್ಣ ಮೇಜಿನ ಸುತ್ತ ಒಂಬತ್ತು ಮಕ್ಕಳು. ಹತ್ತನೆಯದು ಅವನ ಮೊಮ್ಮಗಳು, ಎರಡು ವರ್ಷದ ಮೊಂಡಿ. ಅವಳಿಗೊಂದು ಒಳ್ಳೆಯ ಹೆಸರೂ ಇತ್ತು, ಆದರೆ ಊಟದ ಹೊತ್ತಿನಲ್ಲಿ ಆ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ.

ಶಿಶುವಿಹಾರದಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಸೇರುವ ಮುಂಚೆ ಮೂರು ದಿನ ಮಗು ಬಂದು ಕೂರಬೇಕು. ಮೂರರಲ್ಲಿ ಒಂದು ದಿನವಾದರೂ ಮನೆಯವರ ಕೈ ಇಲ್ಲದೆ ಅರ್ಧ ಬಟ್ಟಲು ತಿನ್ನಬೇಕು, ಅದೂ ಇಪ್ಪತ್ತು ನಿಮಿಷದೊಳಗೆ. ಹಿಂದೆ ಯಾವುದೋ ಮಗು ವಾರವಿಡೀ ಉಪವಾಸ ಕೂತು ತಲೆಸುತ್ತಿ ಬಿದ್ದಿತ್ತಂತೆ. ಮೊಂಡಿ ಎರಡು ದಿನ ಗೋಡೆ ನೋಡುತ್ತಾ ಕಳೆದಿದ್ದಳು. ಇವತ್ತು ಮೂರನೆಯ ದಿನ. ಜಾಗ ಇದ್ದದ್ದು ಒಂದೇ. ಅದಕ್ಕೆ ಸರದಿಯಲ್ಲಿದ್ದ ಇನ್ನೊಬ್ಬ ತಾಯಿ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ಅವಳ ತೊಡೆಯ ಮೇಲಿನ ಗುಂಡು ಮಗು ಒಂದರ ಹಿಂದೆ ಒಂದು ಬಿಸ್ಕತ್ತು ನುಂಗುತ್ತಿತ್ತು, ಬೇಕಂತಲೇ ಹೊಟ್ಟೆ ಉರಿಸುವ ಹಾಗೆ.

ತಾತನ ಪಕ್ಕದಲ್ಲಿ ಸೊಸೆ ಗಡಿಯಾರ ನೋಡುತ್ತಿದ್ದಳು. ಅವಳು ಕಬ್ಬಿಣದ ಗೋದಾಮಿನಲ್ಲಿ ಕ್ರೇನ್ ನಡೆಸುವವಳು. ಹೆರಿಗೆಯ ನಂತರ ಬಿಟ್ಟಿದ್ದ ಕೆಲಸ ಮತ್ತೆ ಕೈಗೆ ಬಂದಿತ್ತು. ಮಗುವಿಗೆ ವ್ಯವಸ್ಥೆಯಾಗಿದೆ ಎಂಬ ಪತ್ರವನ್ನು ಇವತ್ತು ಎರಡು ಗಂಟೆಯೊಳಗೆ ಮುಟ್ಟಿಸಿದರೆ ಸೋಮವಾರದಿಂದ ಕ್ರೇನ್ ಅವಳದು, ಇಲ್ಲದಿದ್ದರೆ ಬೇರೆಯವರದು. ಮಗ ಲಾರಿ ಹತ್ತಿದರೆ ಹತ್ತು ದಿನ ಮನೆಗಿಲ್ಲ. ತಾತನಿಗೆ ಮುಂದಿನ ವಾರ ಮಂಡಿ ಆಪರೇಷನ್.

"ಮನೇಲಿ ನಿಮ್ಮ ಹತ್ರ ಬಟ್ಟಲು ಖಾಲಿ ಮಾಡ್ತಾಳಲ್ಲ ಮಾವ, ಇಲ್ಲಿ ಮಾತ್ರ ಏನು ರೋಗ?" ಎಂದಳು ಸೊಸೆ.

ತಾತ ಕೆಮ್ಮಿದ.

ಬಟ್ಟಲು ಖಾಲಿಯಾಗುತ್ತಿದ್ದದ್ದು ನಿಜ. ಒಂದು ತಿಂಗಳಿಂದ ಸೊಸೆ ಕ್ರೇನ್ ಪರವಾನಗಿ ನವೀಕರಣದ ತರಬೇತಿಗೆ ಹೋದಾಗ ಮಧ್ಯಾಹ್ನದ ಊಟ ತಾತನ ಪಾಲಿಗೆ ಬಂದಿತ್ತು. ಹೊರಡುವ ಮುಂಚೆ ಅವಳು ಬೆರಳು ಮಡಚಿ ಹೇಳಿದ್ದಳು: ಫೋನ್ ತೋರಿಸಬಾರದು, ಹಾಡು ಹೇಳಬಾರದು, ನಾಟಕ ಆಡಬಾರದು. ಹಸಿದರೆ ತಾನೇ ತಿಂತಾಳೆ. ತಾತ ತಲೆಯಾಡಿಸಿದ್ದ. ಎರಡು ದಿನ ನಿಯಮ ಪಾಲಿಸಿ, ಎರಡು ದಿನವೂ ಕಿವುಚಿದ ಗೆಣಸನ್ನು ಮುಖಕ್ಕೆ ಉಗಿಸಿಕೊಂಡ. ಮೂರನೆಯ ದಿನ ಪೆಟ್ಟಿಗೆಯಿಂದ ಸೀಟಿ ತೆಗೆದ.

ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ಅವನು. ಎರಡು ಸೀಟಿ ಎಂದರೆ ಬಸ್ ಹೊರಡಬೇಕು, ಒಂದು ಎಂದರೆ ನಿಲ್ಲಬೇಕು. ಮೊಂಡಿಗೂ ಅದನ್ನೇ ಕಲಿಸಿದ. ಎರಡು ಸೀಟಿಗೆ ಬಾಯಿ ತೆರೆ, ಒಂದು ಸೀಟಿಗೆ ಮುಚ್ಚಿ ಅಗಿ. ಮೂರೇ ದಿನದಲ್ಲಿ ಕೂಸು ಹೊಸ ಬಸ್ಸಿನ ಹಾಗೆ ಓಡತೊಡಗಿತು. ರಾತ್ರಿ ಸೊಸೆ ಚಮಚ ಹಿಡಿದಾಗ ಮೊಂಡಿ ಗೋಡೆ ನೋಡಿದರೆ, "ಮಧ್ಯಾಹ್ನ ಹೊಟ್ಟೆ ಬಿರಿಯ ತಿಂದಿದ್ದಾಳಮ್ಮ" ಎಂದು ತಾತ ಜಾರಿಕೊಳ್ಳುತ್ತಿದ್ದ.

ಕಿಟಕಿಯಾಚೆ ಆಯಾ ಗೆಣಸಿನ ಚಮಚ ಚಾಚಿದಳು. ಮೊಂಡಿ ತುಟಿ ಬಿಗಿದಳು. ಎಂಟು ನಿಮಿಷ ಕಳೆದಿತ್ತು.

"ಒಂದು ಮಾತು ಹೇಳ್ತೀನಿ, ಬೈಬಾರದು," ಎಂದ ತಾತ.

"ಬೈಯೋ ಮಾತೇ ಇರ್ಬೇಕು. ಹೇಳಿ ಬೇಗ."

ಅವನು ಸೀಟಿ ತೆಗೆದು ತೋರಿಸಿ, ಒಂದೇ ಉಸಿರಿಗೆ ಎಲ್ಲ ಒದರಿದ. ಸೊಸೆಯ ಮುಖ ಕೆಂಪಾಯಿತು.

"ಮಾವಾ! ಮಗೂನ ಬಸ್ ಮಾಡಿಟ್ಟಿದ್ದೀರಾ?"

"ಹೊಟ್ಟೆಗೆ ಹೋಗ್ತಿತ್ತಲ್ಲಮ್ಮ…"

"ಎರಡು ದಿನ ನಾನು ಇಲ್ಲಿ ನಿಂತು ಆಯಾನ ಬೈಕೊಂಡೆ. ಆಗ ಬಾಯಲ್ಲಿ ಏನಿತ್ತು ನಿಮಗೆ?" ಅವಳು ಗಡಿಯಾರ ನೋಡಿದಳು. "ಇನ್ನು ಹತ್ತೇ ನಿಮಿಷ. ಜಗಳ ಸಂಜೆಗೆ ಇರ್ಲಿ. ಊದಿ!"

ತಾತ ಎದೆ ತುಂಬ ಗಾಳಿ ಎಳೆದು ಊದಿದ. ಪೀ, ಪೀ! ಬೆಂಚಿನ ಮೇಲಿನ ಗುಂಡು ಮಗು ಬಿಸ್ಕತ್ತು ಬೀಳಿಸಿತು. ಒಳಗೆ ಮೊಂಡಿಯ ಬಾಯಿ ಗ್ಯಾರೇಜಿನ ಬಾಗಿಲಿನ ಹಾಗೆ ತೆರೆಯಿತು. ಆಯಾ ಬೆಚ್ಚಿದರೂ ಕೈ ಮರೆಯಲಿಲ್ಲ, ಚಮಚ ಒಳಗೆ ಹೋಯಿತು. ಪೀ! ಬಾಯಿ ಮುಚ್ಚಿತು. ಅಗಿಯಿತು. ನುಂಗಿತು!

"ಹೋಯ್ತು ಮಾವ, ಹೋಯ್ತು!" ಸೊಸೆ ಅವನ ತೋಳು ಹಿಡಿದು ಅಲ್ಲಾಡಿಸಿದಳು.

ಎರಡನೆಯ ತುತ್ತಿಗೆ ಬಾಗಿಲು ಧಡಾರನೆ ತೆರೆಯಿತು. ಶಿಶುವಿಹಾರದ ಮೇಡಂ.

"ಏನ್ರೀ ಇದು, ಬಸ್ ಸ್ಟ್ಯಾಂಡಾ?"

"ಇಲ್ಲಾ ಮೇಡಂ, ಊಟ," ಎಂದ ತಾತ.

"ಮನೆಯವರ ಕೈ ಇರಬಾರದು ಅಂದ್ರೆ ಬಾಯಿ ಇರಬಹುದು ಅಂತಾನಾ? ಇದು ಲೆಕ್ಕಕ್ಕಿಲ್ಲ. ನಾಳೆಯಿಂದ ದಿನಾ ನಮ್ಮ ಆಯಾ ಸೀಟಿ ಊದ್ಕೊಂಡು ಕೂರ್ಬೇಕಾ? ಉಳಿದ ಒಂಬತ್ತು ಮಕ್ಕಳನ್ನ ನೀವು ನೋಡ್ಕೊಳ್ತೀರಾ?"

ಬೆಂಚಿನ ಮೇಲಿನ ತಾಯಿ ಎದ್ದು ನಿಂತು ಮಗುವಿನ ಅಂಗಿಯ ಮೇಲಿನ ಪುಡಿ ಕೊಡವಿದಳು.

ಸೊಸೆ ಮಾತ್ರ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಮೇಲೆ ಕೂತು ಕೆಳಗಿನವನ ಸನ್ನೆಗೆ ಕೊಕ್ಕೆ ಇಳಿಸಿ ಎತ್ತುವುದು ಅವಳ ಕಸುಬು. ಸನ್ನೆ ಮಾಡುವವನಿಗೆ ಇರುವ ಗತ್ತು ಎಂಥದ್ದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಮೇಡಂ, ಇನ್ನೂ ಏಳು ನಿಮಿಷ ಇದೆ. ನಾವ್ಯಾರೂ ಊದಲ್ಲ. ಆ ಸೀಟಿ ನನ್ನ ಮಗಳ ಕೈಗೆ ಕೊಟ್ಟು ನೋಡಿ. ಎರಡು ಊದಿದ್ರೆ ಎಲ್ರೂ ಬಾಯಿ ತೆಗೀಬೇಕು ಅಂತ ಹೇಳಿ, ಸಾಕು."

"ಊದ್ತಾ ಕೂತ್ರೆ ತಿನ್ನೋದು ಯಾವಾಗ?"

ತಾತನಿಗೆ ತಟ್ಟನೆ ಮಾತು ಹೊಳೆಯಿತು. "ಸೀಟಿ ಊದಿದ್ ಮೇಲೆ ಕಂಡಕ್ಟರೂ ಬಸ್ ಹತ್ತಬೇಕು ಮೇಡಂ. ಇಲ್ದಿದ್ರೆ ಬಸ್ ಹೋಗುತ್ತೆ, ಅವನು ರಸ್ತೇಲೇ ಉಳೀತಾನೆ. ನಾನೇ ಎರಡು ಸಲ ಉಳಿದಿದ್ದೀನಿ."

ಮೇಡಂಗೆ ನಗು ಬಂತೋ ಸಿಟ್ಟು ಬಂತೋ, ಸೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ಹೋದರು. ಬಿಸಿನೀರಲ್ಲಿ ತೊಳೆದರು. ಅದಕ್ಕೇ ಒಂದು ನಿಮಿಷ ಹಾಳು. ಸೊಸೆ ಹಲ್ಲು ಕಡಿದಳು.

ಆಟ ಹೇಗೆಂದು ಎಲ್ಲರಿಗೂ ಹೇಳಿ ಮೇಡಂ ಸೀಟಿ ಕೊಟ್ಟರು. ಮೊಂಡಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬಾಯಿಗಿಟ್ಟಳು. ಬರೀ ಉಗುಳು. ಮತ್ತೆ ಊದಿದಳು. ಪೀ! ತಡೆದು, ಕೆನ್ನೆ ಉಬ್ಬಿಸಿ, ಇನ್ನೊಂದು. ಪೀ!

ಒಂಬತ್ತು ಬಾಯಿಗಳು ಒಟ್ಟಿಗೆ ತೆರೆದವು. ಒಂಬತ್ತು ಚಮಚ ಒಟ್ಟಿಗೆ ಎದ್ದವು. ಎದುರಿನ ಜಡೆಯ ಹುಡುಗಿ ಕಿವಿಯವರೆಗೂ ಗೆಣಸು ಬಳಿದುಕೊಂಡು ಕೇಕೆ ಹಾಕಿದಳು. ಮೊಂಡಿಯ ಕಣ್ಣು ಅಗಲವಾಯಿತು. ಎಲ್ಲರೂ ಅಗಿಯುತ್ತಿದ್ದಾರೆ, ತಾನೊಬ್ಬಳೇ ಉಳಿದಿದ್ದಾಳೆ. ಸೀಟಿಯನ್ನು ಬಾಯಿಂದ ಕಿತ್ತು ಮೇಜಿಗೆ ಬಡಿದು, ಬಟ್ಟಲಿಗೆ ಕೈಯನ್ನೇ ಹಾಕಿದಳು. ಮುಷ್ಟಿ ತುಂಬ ಗೆಣಸು ಬಾಯಿಗೆ!

"ಹತ್ತಿದ್ಳು! ಹತ್ತಿದ್ಳು!" ತಾತ ಕುಣಿಯಲು ಹೋಗಿ ಮಂಡಿ ಹಿಡಿದುಕೊಂಡ.

ಪೀ, ಪೀ. ಮುಷ್ಟಿ. ಪೀ, ಪೀ. ಮುಷ್ಟಿ. ನೆಲದ ಮೇಲೆ ಬಿದ್ದದ್ದೂ ಕಮ್ಮಿಯೇನಲ್ಲ. ಹನ್ನೆರಡು ಇಪ್ಪತ್ತಕ್ಕೆ ಮೇಡಂ ಬಟ್ಟಲು ಎತ್ತಿ ನೋಡಿದರು, ನೆಲ ನೋಡಿದರು, ಮೊಂಡಿಯ ಹೊಟ್ಟೆ ಮುಟ್ಟಿ ನೋಡಿದರು. ಹೊರಗೆ ಬಂದು ಬೆಂಚಿನ ತಾಯಿಗೆ, "ಮುಂದಿನ ತಿಂಗಳು ಬನ್ನಿ ಅಮ್ಮ" ಎಂದು ಪತ್ರಕ್ಕೆ ಮೊಹರು ಒತ್ತಿದರು.

"ಆ ಸೀಟಿ ಇಲ್ಲೇ ಇರುತ್ತೆ. ಉಳಿದೋರೂ ಇವತ್ತು ಒಂದು ಚೂರೂ ಬಿಡದೆ ತಿಂದಿದ್ದಾರೆ."

"ಇಟ್ಕೊಳ್ಳಿ ಮೇಡಂ, ಇಟ್ಕೊಳ್ಳಿ," ಎಂದ ತಾತ.

ಸೊಸೆ ಪತ್ರ ಕಸಿದುಕೊಂಡು ಗೇಟಿನತ್ತ ಓಡಿದಳು. ಗೆಣಸು ಮೆತ್ತಿದ ಮೊಮ್ಮಗಳನ್ನು ಎತ್ತಿಕೊಂಡು ತಾತ ಕುಂಟುತ್ತಾ ಹಿಂದೆ ಬಂದ. ಗೇಟಿನ ಹತ್ತಿರ ಅವನಿಗೆ ಏನೋ ನೆನಪಾಗಿ ಮುಖ ಇಳಿಯಿತು.

"ಅಮ್ಮಾ, ನಾಳೆ ಶನಿವಾರ. ಇವ್ರಿಗೆ ರಜೆ. ಆಮೇಲೆ ಭಾನುವಾರ."

"ಅದಕ್ಕೆ?"

"ಸೀಟಿ ಒಳಗಿದೆ."

ಸೊಸೆ ಪತ್ರವನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ನಕ್ಕುಬಿಟ್ಟಳು.

"ಎರಡು ದಿನ ಬಾಯಲ್ಲೇ ಪೀ ಪೀ ಅನ್ನಿ ಮಾವ. ನಾನೂ ಬಾಯಿ ತೆಗೀತೀನಿ. ಅಡುಗೆ ನಿಮ್ದೇ!"

ಅಂದವಳೇ ರಸ್ತೆಗೆ ಹಾರಿ ಓಡಿದಳು. ಗಂಟೆ ಇನ್ನೂ ಒಂದೂ ಆಗಿರಲಿಲ್ಲ.