ಅಂಗಳದ ಕಡೆಗಿನ ಇಳಿಜಾರು

ಚಟ್ಟ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಹೊತ್ತವರು ಹಿಂದೆ ಸರಿದರು, ಓರೆ ಮಾಡಿ ನೋಡಿದರು. ಪಿಳ್ಳಣ್ಣನ ತಲೆ ಗೋಡೆಗೆ ತಾಗುವಂತಾದಾಗ ಅಣ್ಣಮ್ಮ ಕೂಗಿಕೊಂಡಳು.

"ಮತ್ತೆ ತಲೆಗೇ ಬಡೀಬೇಡ್ರಪ್ಪಾ!"

"ದೇವರಾಜನ ಅಂಗಳದಿಂದ ತಗೊಂಡೋಗೋಣ ಅಕ್ಕ, ಬೇರೆ ದಾರಿ ಇಲ್ಲ," ಎಂದ ಪಕ್ಕದ ಮನೆಯ ರವಿಕುಮಾರ್.

ಅಣ್ಣಮ್ಮ ಅಂಗಳದತ್ತ ತಿರುಗಿದಳು. ಯಡಿಯೂರಿನ ಆ ಹಳೆಯ ಮನೆ ಪಾಲಾದಾಗ ಹಿಂಭಾಗ ಅವಳ ಗಂಡ ಪಿಳ್ಳಣ್ಣನಿಗೆ, ರಸ್ತೆ ಬದಿಯ ಅಂಗಳ ಮೈದುನ ದೇವರಾಜನಿಗೆ ಬಂದಿತ್ತು.

*

ಬಸ್ ಡಿಪೋದಿಂದ ನಿವೃತ್ತನಾದ ಪಿಳ್ಳಣ್ಣ ಈ ಬೇಸಿಗೆಯಲ್ಲಿ ತಾರಸಿ ಕೆಲಸಕ್ಕೆ ಕೈಹಾಕಿದ. ಕುಸಿದಿದ್ದ ಹಾಸುಗಲ್ಲು ಕೀಳಿಸಿ, ಹೊಸ ಕಾಂಕ್ರೀಟ್ ಹಾಕಿಸಿ, ಅಂಗಳದ ಬದಿಗೆ ನೀರು ಬೀಳಲು ಅಪ್ಪನ ಕಾಲದಲ್ಲಿ ಬಿಟ್ಟಿದ್ದ ತೂತಿನ ಕಡೆಗೇ ಇಳಿಜಾರು ಕೊಡಿಸಿದ. ಒಂದು ಗೋಲಿ ಉರುಳಿಸಿ, "ನೋಡೇ, ಹೆಂಗೆ ಓಡ್ತದೆ!" ಎಂದು ನಕ್ಕ.

ಇಷ್ಟು ವರ್ಷ ಕಲ್ಲಿನ ಮೇಲೆ ನಿಂತು ಇಂಗುತ್ತಿದ್ದ ನೀರೆಲ್ಲ ಮೊದಲ ಮಳೆಗೇ ಅಂಗಳಕ್ಕೆ, ದೇವರಾಜನ ಕಾರಿನ ಮೇಲೆ ಸುರಿಯಿತು. ಮಾರನೆಯ ಬೆಳಗ್ಗೆ ಅವನು ಏಣಿ ಹಾಕಿ ತೂತಿಗೆ ಸಿಮೆಂಟ್ ಮೆತ್ತಿದ.

"ಅದನ್ನ ಒಡೆದಾಕ್ರೀ," ಎಂದಳು ಅಣ್ಣಮ್ಮ.

"ತಮ್ಮ ಕಣೇ. ಪೈಪ್ ಇಳಿಸ್ತೀನಿ ಅಂತ ಕೇಳಿದೀನಿ. ಒಪ್ತಾನೆ ಬಿಡು."

ಅವನು ಒಪ್ಪಲಿಲ್ಲ. ಮಳೆ ಬಂದಾಗಲೆಲ್ಲ ಪಿಳ್ಳಣ್ಣ ನಿಂತ ನೀರನ್ನು ಇಳಿಜಾರಿಗೆ ಎದುರಾಗಿ ತಳ್ಳಿ ಹಿಂಬದಿಗೆ ಚೆಲ್ಲುತ್ತಿದ್ದ. ಮೂಲೆಯಲ್ಲಿ ಪಾಚಿ ಕಟ್ಟಿತು. ನಿನ್ನೆ ಸಂಜೆ ಅದರ ಮೇಲೆ ಜಾರಿದ. ತಲೆ ಪ್ಯಾರಾಪೆಟ್ ಗೋಡೆಗೆ ಬಡಿಯಿತು. ಅಣ್ಣಮ್ಮ ಹತ್ತಿ ಹೋಗುವಷ್ಟರಲ್ಲಿ ನೀರು ಕೆಂಪಾಗಿತ್ತು. ಹರಿದು ಹೋಗಲು ಅದಕ್ಕೆ ದಾರಿಯಿರಲಿಲ್ಲ.

*

ದೇವರಾಜ ಗೇಟು ತೆರೆದ. ದಾರಿಗೆ ಅಡ್ಡವಾಗಿದ್ದ ಕಾರಿನ ಕವರ್ ಎಳೆದು ತೆಗೆದು, ಒಳಗೆ ಕೂತು ಕೀ ತಿರುಗಿಸಿದ. ಸದ್ದೇ ಇಲ್ಲ. ಮತ್ತೆ ತಿರುಗಿಸಿದ.

"ಓಡಿಸಿ ಎಷ್ಟು ದಿನ ಆಯ್ತೋ?" ರವಿಕುಮಾರ್ ಕೇಳಿದ.

"ಯುಗಾದಿಯಿಂದ ತೆಗ್ದಿಲ್ಲ." ದೇವರಾಜ ತಲೆ ಎತ್ತಲಿಲ್ಲ.

ನಾಲ್ಕಾರು ಜನ ಸೇರಿ ತಳ್ಳಿದರು. ದೇವರಾಜನೂ ಇಳಿದು ಹೆಗಲು ಕೊಟ್ಟ.

"ಅತ್ತಿಗೆ, ನಾನು..."

"ಮಾತಾಡ್ಬೇಡ. ತಳ್ಳು."

ಕಾರು ರಸ್ತೆಗಿಳಿಯಿತು. ಚಟ್ಟ ಹೊತ್ತವರ ಕೈ ಸೋತಿತ್ತು. "ಒಂದ್ ನಿಮಿಷ ಇಳಿಸ್ಬೇಕು, ಎಲ್ಲಿ ಇಳಿಸೋದು?" ಎಂದು ಯಾರೋ ಕೇಳಿದರು. ಅಂಗಳವೆಲ್ಲ ನಿನ್ನೆಯ ಮಳೆಗೆ ಕೆಸರಾಗಿತ್ತು. ಕಾರು ನಿಂತಿದ್ದಷ್ಟು ನೆಲ ಮಾತ್ರ ಒಣಗಿ ಬೆಳ್ಳಗಿತ್ತು.

ಅಣ್ಣಮ್ಮ ಕೈ ತೋರಿಸಿದಳು. ಪಿಳ್ಳಣ್ಣನನ್ನು ಅಲ್ಲಿ ಇಳಿಸಿದರು.